ಮೇಲಿನ ಟೇಬಲ್‌ಗೆ ಹೋಗುವಾಗ ಟೇಬಲ್ ಕಡಿಮೆ ಮಾಡಿ: ಒಬ್ಬ ಪೋಕರ್ ಆಟಗಾರನ ಆಪ್ತಸಲಹೆ ಪ್ರಕರಣ

ಆತನಿಗೆ 27 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಹುಡುಗ. ಕನ್ನಡ ಮೀಡಿಯಂನಲ್ಲಿ ಓದಿ, ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿ, ಅಲ್ಲಿನ ಒಂದು ಕಂಪನಿಗೆ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಅಪ್ಪ, ಅಮ್ಮ, ಅಡಿಕೆ ತೋಟ. ಅಕ್ಕನನ್ನು ಕುಂಬಳೆಗೆ ಕೊಟ್ಟಿದ್ದಾರೆ. 2024ರ ಮಳೆಗಾಲದಲ್ಲಿ ಆ ಅಕ್ಕನೇ ಅವನನ್ನು ನನ್ನಲ್ಲಿಗೆ ಕರೆತಂದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆತನ ಒಪ್ಪಿಗೆ ಇದೆ.

ಅಕ್ಕ ಹೇಳಿದ್ದು ಇಷ್ಟು: "ರಾತ್ರಿ ಮೂರು ಗಂಟೆವರೆಗೆ ಲ್ಯಾಪ್‌ಟಾಪ್ ಎದುರು ಕೂತಿರ್ತಾನೆ ಮೇಡಂ. ಮಾತಾಡಿಸಿದ್ರೆ ಸಿಡುಕ್ತಾನೆ. ಆನ್‌ಲೈನ್ ಇಸ್ಪೀಟು ಅಂತೆ."

ಆತನ ಮಾತು ಬೇರೆ. "ಕೆಳಗಿನ ಟೇಬಲ್‌ನಲ್ಲಿ ಎಂಟು ತಿಂಗಳು ಗೆಲ್ತಾ ಇದ್ದೆ. ಮೇಲಿನದಕ್ಕೆ ಹೋದ ಮೇಲೆ ತಲೆ ನಿಲ್ಲೋದಿಲ್ಲ. ದಿನಕ್ಕೆ ಇಷ್ಟು ಹ್ಯಾಂಡ್ ಆಡ್ಲೇಬೇಕು, ಗಮನಾನೂ ಇರ್ಬೇಕು. ಎರಡೂ ಒಟ್ಟಿಗೆ ಹೇಗೆ ಅಂತ ಹೇಳಿ."

ಆತ ಆಡುತ್ತಿದ್ದುದು ಪೋಕರ್, ಹಣ ಕಟ್ಟಿ ಆಡುವ ಇಸ್ಪೀಟು. ಅದರಲ್ಲಿ ಹ್ಯಾಂಡ್ ಅಂದರೆ ಎಲೆ ಹಂಚಿ ಆಡುವ ಒಂದು ಸುತ್ತು, ಮೇಲಿನ ಟೇಬಲ್ ಅಂದರೆ ಹೆಚ್ಚು ಹಣದ್ದು. ಪೋಕರ್ ಬಿಡುವುದು ಹೇಗೆ ಅಂತ ಆತ ಕೇಳಲಿಲ್ಲ. ಚೆನ್ನಾಗಿ ಆಡುವುದು ಹೇಗೆ ಅಂತ ಕೇಳಿದ. ಇಂಥವರಿಗೆ ಮೊದಲ ದಿನವೇ "ಬಿಟ್ಟುಬಿಡಿ" ಅಂದರೆ ಅವರು ನಮ್ಮನ್ನು ಬಿಡುತ್ತಾರೆ, ಆಟವನ್ನಲ್ಲ. ಆತನ ಪ್ರಶ್ನೆಗೆ ಉತ್ತರ ಕೊಡಲು ಒಪ್ಪಿದೆ. ಆದರೆ ಅದಕ್ಕೂ ಮೊದಲು ನಾನು ಒಂದು ವಿಷಯ ಖಚಿತ ಮಾಡಿಕೊಳ್ಳಬೇಕಿತ್ತು.

ಇದು ಚಟ ಆಗಿದೆಯಾ? ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಜೂಜಿನ ಕಾಯಿಲೆಯನ್ನು ಕುಡಿತ, ಡ್ರಗ್ಸ್‌ಗಳ ಸಾಲಿಗೇ ಸೇರಿಸಿತು. ಅದಕ್ಕೆ ಒಂಬತ್ತು ಲಕ್ಷಣ ಹೇಳಿದೆ. ಹೆಚ್ಚು ಹೆಚ್ಚು ಹಣ ಹಾಕಿದರೆ ಮಾತ್ರ ರೋಮಾಂಚನ, ನಿಲ್ಲಿಸಲು ನೋಡಿ ಆಗದಿರುವುದು, ಕಳೆದ ಹಣ ಹಿಂದೆ ಪಡೆಯಲೆಂದೇ ಮತ್ತೆ ಆಡುವುದು, ಮನೆಯವರಿಗೆ ಸುಳ್ಳು, ಇನ್ನೊಬ್ಬರ ಹಣಕ್ಕೆ ಕೈ ಚಾಚುವುದು, ಹೀಗೆ. ಒಂದು ವರ್ಷದೊಳಗೆ ನಾಲ್ಕು ಕಂಡರೆ ಕಾಯಿಲೆ. ಈತನಲ್ಲಿ ಎರಡು ಸ್ಪಷ್ಟವಾಗಿ ಇದ್ದವು: ಸೋತದ್ದರ ಬೆನ್ನು ಹತ್ತುವುದು, ಮನೆಯಲ್ಲಿ ಮುಚ್ಚಿಡುವುದು. ಮೂರನೆಯದರ ಹೊಸ್ತಿಲಿಗೆ ಒಂದು ರಾತ್ರಿ ಬಂದಿದ್ದ. ಅಪ್ಪನ ಬ್ಯಾಂಕ್ ಆ್ಯಪ್ ನೋಡಿಕೊಳ್ಳುವುದು ಈತನೇ. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಅಡಿಕೆ ಕೊಟ್ಟ ಹಣ ಬಂದು ಕೂತಿತ್ತು. ರಾತ್ರಿ ಎರಡು ಗಂಟೆಗೆ ಆ್ಯಪ್ ತೆರೆದು, ಬ್ಯಾಲೆನ್ಸ್ ನೋಡಿ, ಮುಚ್ಚಿದ. ಹಣ ಮುಟ್ಟಲಿಲ್ಲ. ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದ್ದೂ ಆತನೇ.

ಆ ಫೋನ್ ಮಾಡಿದ್ದಕ್ಕೆ ನಾನು ಆತನನ್ನು ಮನಸಾರೆ ಮೆಚ್ಚಿದೆ. ಹಾಗಂತ ಸಡಿಲ ಬಿಡಲಿಲ್ಲ. ಎರಡು ಷರತ್ತು ಹಾಕಿದೆ. ಅಪ್ಪನ ಆ್ಯಪ್‌ನ ಪಿನ್ ಬದಲಿಸಿ ಅದನ್ನು ಅಕ್ಕ ನೋಡಿಕೊಳ್ಳಬೇಕು. ಪೋಕರ್ ಹಣ ಬೇರೆಯೇ ಖಾತೆಯಲ್ಲಿರಬೇಕು. ಅದಕ್ಕೆ ಸಂಬಳದಿಂದ ಒಂದು ರೂಪಾಯಿಯೂ ಹೊಸದಾಗಿ ಹೋಗಬಾರದು. ಇವುಗಳಲ್ಲಿ ಒಂದು ಮುರಿದರೂ ನಮ್ಮ ಮಾತುಕತೆ ಆಟದ ಬಗ್ಗೆ ಇರುವುದಿಲ್ಲ, ಖಾತೆ ಮುಚ್ಚುವುದರ ಬಗ್ಗೆ ಇರುತ್ತದೆ. ಆತ ಒಪ್ಪಿದ. ನಾಲ್ಕು ಲಕ್ಷಣ ಇದ್ದಿದ್ದರೆ ಮುಂದೆ ಬರೆದಿರುವ ಯಾವ ಸಲಹೆಯನ್ನೂ ನಾನು ಕೊಡುತ್ತಿರಲಿಲ್ಲ. ಚಟ ಹತ್ತಿದವರಿಗೆ "ಗಮನ ಇಟ್ಟು ಆಡಿ" ಅನ್ನುವುದು ಅಪಾಯ.

ಇನ್ನು ಆತನ ಪ್ರಶ್ನೆಗೆ ಬರೋಣ.

ಆತ ಮೊದಲು ಆಡುತ್ತಿದ್ದುದು 5/10ರ ಟೇಬಲ್. ಪ್ರತಿ ಹ್ಯಾಂಡ್ ಶುರುವಾಗುವ ಮೊದಲು ಇಬ್ಬರು ಕಡ್ಡಾಯವಾಗಿ ಇಡುವ ಹಣಕ್ಕೆ ಬ್ಲೈಂಡ್ ಅನ್ನುತ್ತಾರೆ. ಇಲ್ಲಿ ಚಿಕ್ಕ ಬ್ಲೈಂಡ್ 5 ರೂಪಾಯಿ, ದೊಡ್ಡದು (ಬಿಗ್ ಬ್ಲೈಂಡ್) 10. ನೂರು ಬಿಗ್ ಬ್ಲೈಂಡ್ ಇಟ್ಟು ಕೂರುವುದು ರೂಢಿ, ಹಾಗಾಗಿ ಒಂದು ಬೈ-ಇನ್ 1,000 ರೂಪಾಯಿ. ಅಲ್ಲಿ ನಾಲ್ಕು ಟೇಬಲ್ ಒಟ್ಟಿಗೆ ಆಡುತ್ತಿದ್ದ. ಖಾತೆಯಲ್ಲಿ 1,20,000 ಆದಾಗ 10/25ಕ್ಕೆ ಹೋದ. ಅಲ್ಲಿ ಬೈ-ಇನ್ 2,500. ಕೈಯಲ್ಲಿ 48 ಬೈ-ಇನ್ ಇತ್ತು. ಲೆಕ್ಕದ ದೃಷ್ಟಿಯಿಂದ ಅದು ಅವಸರದ ಹೆಜ್ಜೆ ಅಲ್ಲ. ಆದರೆ ಅದೇ ವಾರ ಟೇಬಲ್‌ಗಳನ್ನು ನಾಲ್ಕರಿಂದ ಎಂಟು ಮಾಡಿದ. ಯಾಕೆ ಅಂತ ಕೇಳಿದೆ. ಆ್ಯಪ್‌ನ ಲೀಡರ್‌ಬೋರ್ಡ್‌ನಲ್ಲಿ ಜಾಸ್ತಿ ಹ್ಯಾಂಡ್ ಆಡಿದವರಿಗೆ ಬಹುಮಾನ ಇತ್ತಂತೆ. ನನ್ನ ಬಳಿಗೆ ಬರುವ ಹೊತ್ತಿಗೆ 20 ಬೈ-ಇನ್, ಅಂದರೆ 50,000 ರೂಪಾಯಿ ಹೋಗಿತ್ತು.

ಆ ಬಹುಮಾನದ ಹಿಂದಿನ ಲೆಕ್ಕ ಆತನಿಗೆ ಗೊತ್ತಿತ್ತು, ಆದರೂ ಅದರ ಬಗ್ಗೆ ಯೋಚಿಸಿರಲಿಲ್ಲ. ಆಡಿಸುವವರ ಆದಾಯ ಬರುವುದು ರೇಕ್‌ನಿಂದ, ಅಂದರೆ ಒಂದು ಹ್ಯಾಂಡ್‌ನಲ್ಲಿ ಎಲ್ಲರೂ ಇಟ್ಟ ಒಟ್ಟು ಹಣದಿಂದ (ಪಾಟ್) ಕತ್ತರಿಸಿಕೊಳ್ಳುವ ಪಾಲಿನಿಂದ. ಯಾರು ಗೆದ್ದರೂ ಸೋತರೂ ಅವರಿಗೆ ಒಂದೇ. ಹ್ಯಾಂಡ್ ಜಾಸ್ತಿಯಾದಷ್ಟೂ ಅವರ ಪಾಲು ಜಾಸ್ತಿ. "ದಿನಕ್ಕೆ ಇಷ್ಟು ಆಡ್ಲೇಬೇಕು" ಅನ್ನುವ ಗುರಿಯನ್ನು ಈತನ ತಲೆಯಲ್ಲಿ ಇಟ್ಟದ್ದು ಯಾರು ಅನ್ನುವುದು ಅಲ್ಲಿಗೆ ಸ್ಪಷ್ಟವಾಯಿತು.

ಗಮನದ ವಿಷಯ ನೋಡಿ. ಆರು ಜನರ ಒಂದು ಆನ್‌ಲೈನ್ ಟೇಬಲ್‌ನಲ್ಲಿ ಗಂಟೆಗೆ ಸುಮಾರು 75 ಹ್ಯಾಂಡ್ ಬರುತ್ತವೆ. ಎಂಟು ಟೇಬಲ್ ಅಂದರೆ 600. ಆರು ಸೆಕೆಂಡಿಗೊಂದು. ಬಹಳಷ್ಟನ್ನು ಸುಮ್ನೆ ಫೋಲ್ಡ್ ಮಾಡಿದರಾಯಿತು, ಅಂದರೆ ಎಲೆ ಕೆಳಗಿಟ್ಟು ಆ ಸುತ್ತು ಬಿಟ್ಟರಾಯಿತು, ನಿಜ. ಆದರೆ ಹಣ ಹೋಗುವುದು ಬರುವುದು ಉಳಿದ ಕೆಲವೇ ಹ್ಯಾಂಡ್‌ಗಳಲ್ಲಿ. ಎದುರಿನವನು ರಿವರ್‌ನಲ್ಲಿ, ಅಂದರೆ ಕೊನೆಯ ಎಲೆ ಬಿದ್ದ ಮೇಲೆ, ದೊಡ್ಡ ಬೆಟ್ ಇಟ್ಟಾಗ, ಆತ ಮೊದಲು ಏನೇನು ಮಾಡಿದ್ದ ಅಂತ ನೆನಪಿರಬೇಕು. ಎಂಟು ಕಡೆ ಕಣ್ಣು ಓಡುವಾಗ ಅದು ನೆನಪಿರುವುದಿಲ್ಲ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಮನಸ್ಸಿನ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿರುತ್ತದೆ ಅಂತ ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದಾರೆ. ಮೇಲಿನ ಟೇಬಲ್‌ನಲ್ಲಿ ಎದುರಾಳಿಗಳು ಗಟ್ಟಿ. ಗಮನ ಹೆಚ್ಚು ಬೇಕಾದ ಜಾಗದಲ್ಲೇ ಈತ ಗಮನವನ್ನು ಎಂಟು ಪಾಲು ಮಾಡಿದ್ದ.

"ನಿಮ್ಮ ತೋಟದಲ್ಲಿ ಕೆಲಸ ಕಲಿಯುತ್ತಿರುವ ಹುಡುಗನನ್ನು ಮೊದಲ ಸಲ ಎತ್ತರದ ಕಂಗಿಗೆ ಹತ್ತಿಸುವ ದಿನ, ಎಂದಿಗಿಂತ ಎರಡು ಪಾಲು ಮರ ಕೊಡ್ತೀರಾ?" ಅಂತ ಕೇಳಿದೆ. ಆತ ನಕ್ಕ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆತ ಲೆಕ್ಕದ ಹುಡುಗ, ಹಾಗಾಗಿ ಕಾಗದದ ಮೇಲೇ ಕೂತೆವು. ನಾಲ್ಕು ಟೇಬಲ್‌ನಲ್ಲಿ ಗಂಟೆಗೆ 300 ಹ್ಯಾಂಡ್, ನೂರು ಹ್ಯಾಂಡಿಗೆ 5 ಬಿಗ್ ಬ್ಲೈಂಡ್ ಗೆದ್ದರೆ ಗಂಟೆಗೆ 15 ಬಿಗ್ ಬ್ಲೈಂಡ್. ಎಂಟು ಟೇಬಲ್‌ನಲ್ಲಿ 600 ಹ್ಯಾಂಡ್, ಗಮನ ಒಡೆದು ಗೆಲುವು ನೂರಕ್ಕೆ 2ಕ್ಕೆ ಇಳಿದರೆ ಗಂಟೆಗೆ 12. ಕೆಲಸ ಎರಡು ಪಾಲು, ಗಳಿಕೆ ಕಡಿಮೆ. ಇದರ ಮೇಲೆ ತೆರಿಗೆ ಬೇರೆ. 2023ರ ಏಪ್ರಿಲ್ 1ರಿಂದ ನಿವ್ವಳ ಗೆಲುವಿನ ಮೇಲೆ 30% ಟಿಡಿಎಸ್, ಆ ವರ್ಷದ ಅಕ್ಟೋಬರ್‌ನಿಂದ ಹಾಕುವ ಹಣದ ಮೇಲೆ 28% ಜಿಎಸ್‌ಟಿ ಆಗ ಇತ್ತು. ಆತ "ತಿಂಗಳಿಗೆ ಇಷ್ಟು ಬರ್ತದೆ" ಅಂತ ನಂಬಿಕೊಂಡಿದ್ದ ಮೊತ್ತದಲ್ಲಿ ಇದು ಯಾವುದೂ ಇರಲಿಲ್ಲ.

"ಆದ್ರೆ ನಾನು ಸೋತದ್ದು ದುರದೃಷ್ಟದಿಂದಲಾ, ಗಮನ ಇಲ್ಲದ್ದಕ್ಕಾ? ಅದು ಹೇಗೆ ಗೊತ್ತಾಗೋದು?" ಇದು ಆತನ ಅತ್ಯಂತ ಒಳ್ಳೆಯ ಪ್ರಶ್ನೆ. ಗೆಲುವು ಸೋಲು ನೋಡಿ ಗೊತ್ತಾಗುವುದಿಲ್ಲ. ಪೋಕರ್‌ನಲ್ಲಿ ನೂರು ಹ್ಯಾಂಡಿಗೆ ಸುಮಾರು 100 ಬಿಗ್ ಬ್ಲೈಂಡ್ ಏರಿಳಿತ ಮಾಮೂಲು. ಏರಿಳಿತ ಬೆಳೆಯುವುದು ವರ್ಗಮೂಲದ ಲೆಕ್ಕದಲ್ಲಿ: ಹ್ಯಾಂಡ್ ನೂರು ಪಟ್ಟಾದರೆ ಅದು ಹತ್ತು ಪಟ್ಟು, ಹಾಗಾಗಿ 10,000 ಹ್ಯಾಂಡಿಗೆ 1,000 ಆಗುತ್ತದೆ. ನೂರಕ್ಕೆ 3 ಗೆಲ್ಲುವ ಒಳ್ಳೆಯ ಆಟಗಾರನೂ ಅಷ್ಟು ಹ್ಯಾಂಡ್‌ನಲ್ಲಿ ಸರಾಸರಿ 300 ಗೆಲ್ಲಬೇಕಾದವನು, ಅದೃಷ್ಟ ಸ್ವಲ್ಪ ಕೆಟ್ಟರೆ 700 ಸೋತು ಕೂರಬಹುದು. ಅಂದರೆ ಏಳು ಬೈ-ಇನ್, ಏನೂ ತಪ್ಪು ಮಾಡದೆ.

ಅದಕ್ಕೇ ಬೇರೆ ಅಳತೆಗೋಲು ಕೊಟ್ಟೆ. ಒಂದು ನೋಟ್‌ಬುಕ್. ಆಟ ಮುಗಿದ ಮೇಲೆ ಕಷ್ಟ ಅನ್ನಿಸಿದ ಮೂರು ನಾಲ್ಕು ಹ್ಯಾಂಡ್ ಬರೆಯುವುದು. ಗೆದ್ದದ್ದಾ ಸೋತದ್ದಾ ಅಂತ ಬರೆಯಬಾರದು. ತಪ್ಪಾಗಿದ್ದರೆ ಯಾವ ಜಾತಿಯ ತಪ್ಪು ಅಂತ ಮಾತ್ರ: ಉತ್ತರ ಗೊತ್ತಿಲ್ಲದೆ ಆದದ್ದಾ, ಗೊತ್ತಿದ್ದೂ ಆದದ್ದಾ? ಮೊದಲನೆಯದಕ್ಕೆ ಮದ್ದು ಓದು, ಅಭ್ಯಾಸ. ಎರಡನೆಯದಕ್ಕೆ ಎಷ್ಟು ಓದಿದರೂ ಪ್ರಯೋಜನ ಇಲ್ಲ. ಅದು ದಣಿವು, ಸಿಟ್ಟು, ಆತುರ, ಟೇಬಲ್ ಜಾಸ್ತಿ. ಅದಕ್ಕೆ ಮದ್ದು ಕಡಿಮೆ ಆಡುವುದು.

ಮುಂದಿನ ಭೇಟಿಗೆ ನೋಟ್‌ಬುಕ್ ತಂದ. ಎರಡನೆಯ ಜಾತಿಯವೇ ಜಾಸ್ತಿ ಇದ್ದವು. ಅವುಗಳಲ್ಲಿ ಹೆಚ್ಚಿನವು ರಾತ್ರಿ ಹನ್ನೆರಡರ ಮೇಲಿನವು. ನಾನು ಹೇಳಬೇಕಾಗಲೇ ಇಲ್ಲ, ಆತನೇ ಬೆರಳಿಟ್ಟು ತೋರಿಸಿದ. ಬೆಳಿಗ್ಗೆ ಏಳಕ್ಕೆ ಏಳುವವನಿಗೆ ಮಧ್ಯರಾತ್ರಿ ಅಂದರೆ 17 ಗಂಟೆಯ ಎಚ್ಚರ. ಅಷ್ಟು ಹೊತ್ತು ಎಚ್ಚರ ಇದ್ದವರ ಚುರುಕು, ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ಪರೀಕ್ಷೆ ಮಾಡಿ ತೋರಿಸಿದ್ದರು. ಕುಡಿದು ಹಣದ ಆಟ ಆಡ್ತೀರಾ ಅಂತ ಕೇಳಿದರೆ ಆತ ಇಲ್ಲ ಅನ್ನುತ್ತಾನೆ. ನಿದ್ದೆಗೆಟ್ಟು ಆಡುತ್ತಿದ್ದ. (2025ರ ಫೆಬ್ರವರಿಯಲ್ಲಿ ತಮಿಳುನಾಡು ಸರಕಾರ ರಾತ್ರಿ 12ರಿಂದ ಬೆಳಿಗ್ಗೆ 5ರವರೆಗೆ ಹಣದ ಆನ್‌ಲೈನ್ ಆಟಕ್ಕೆ ತಡೆ ಹಾಕಿತು. ಅದನ್ನು ಓದಿದಾಗ ಈ ನೋಟ್‌ಬುಕ್ ನೆನಪಾಯಿತು.)

ಹೀಗೆ ಸಲಹೆಗಳು ಒಂದೊಂದಾಗಿ ಗಟ್ಟಿಯಾದವು. ರಾತ್ರಿ ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಮುಚ್ಚುವುದು, ಗೆಲ್ಲುತ್ತಿದ್ದರೂ ಸರಿ. ಐವತ್ತು ನಿಮಿಷ ಆಡಿದರೆ ಹತ್ತು ನಿಮಿಷ ಅಂಗಳಕ್ಕೆ ಬರುವುದು. ಒಂದು ದಿನದಲ್ಲಿ ಮೂರು ಬೈ-ಇನ್ ಹೋದರೆ ಅಂದಿಗೆ ಮುಗಿಯಿತು. ದಿನದ ಹ್ಯಾಂಡ್ ಗುರಿ ಪೂರ್ತಿ ರದ್ದು. ಅದರ ಬದಲು ವಾರಕ್ಕೆ ಇಷ್ಟು ಗಂಟೆ, ಅದೂ ಆಫೀಸ್ ಕೆಲಸ, ಊಟ, ನಿದ್ದೆ ಎಲ್ಲ ಆದ ಮೇಲೆ ಉಳಿದದ್ದರಲ್ಲಿ. ಮಳೆಗಾಲದಲ್ಲಿ ತೋಟಕ್ಕೆ ಮದ್ದು ಬಿಡುವ ದಿನಗಳಲ್ಲಿ ಆಟವೇ ಇಲ್ಲ. ಆ ದಿನ ಮೈ ದಣಿದಿರುತ್ತದೆ. ಎಲ್ಲಕ್ಕಿಂತ ಮುಖ್ಯ ಅಂತ ನಾನು ಒತ್ತಿ ಹೇಳಿದ್ದು ಒಂದೇ: ಬ್ಲೈಂಡ್ ಏರಿಸುವ ದಿನ ಟೇಬಲ್ ಅರ್ಧ ಮಾಡಬೇಕು. ಎರಡನ್ನೂ ಒಟ್ಟಿಗೆ ಏರಿಸಬಾರದು. ಹೊಸ ಜಾಗದಲ್ಲಿ ಗೊತ್ತಿದ್ದೂ ಮಾಡುವ ತಪ್ಪು ನಿಂತ ಮೇಲೆ ಒಂದೊಂದೇ ಟೇಬಲ್ ಸೇರಿಸಿ.

ಕಷ್ಟ ಆದದ್ದು ಕೆಳಗೆ ಇಳಿಯುವ ಮಾತು ಬಂದಾಗ. ಖಾತೆಯಲ್ಲಿ 70,000 ಇತ್ತು, 10/25ಕ್ಕೆ 28 ಬೈ-ಇನ್. ಮೂವತ್ತಕ್ಕಿಂತ ಕಡಿಮೆ ಆದರೆ ಇಳಿಯಬೇಕು ಅಂತ ಆತನೇ ಹಿಂದೆ ನಿಯಮ ಮಾಡಿಕೊಂಡಿದ್ದ, ಪಾಲಿಸಿರಲಿಲ್ಲ. "5/10ಕ್ಕೆ ವಾಪಸ್ ಹೋದ್ರೆ ಎಂಟು ತಿಂಗಳು ವೇಸ್ಟ್ ಆದ ಹಾಗೆ ಅಲ್ವಾ ಮೇಡಂ?" ಧ್ವನಿ ನಡುಗುತ್ತಿತ್ತು. ಕಾಲೇಜಿನ ಗೆಳೆಯರು ಬೆಂಗಳೂರಿನಲ್ಲಿ, ದುಬೈಯಲ್ಲಿ ಇದ್ದಾರೆ. ಈತ ಮನೆಯಲ್ಲಿದ್ದಾನೆ. ನಾನೂ ಮೇಲೆ ಹೋಗುತ್ತಿದ್ದೇನೆ ಅಂತ ತನಗೆ ತಾನೇ ಹೇಳಿಕೊಳ್ಳಲು ಇದ್ದದ್ದು ಆ 10/25 ಒಂದೇ. ಆ ದಿನ ನಾವು ಪೋಕರ್ ಬಗ್ಗೆ ಮಾತಾಡಲಿಲ್ಲ. ಊರಲ್ಲೇ ಉಳಿದದ್ದು ಸೋಲಾ, ಅಪ್ಪ ಏನಂದುಕೊಳ್ಳುತ್ತಾರೆ, ಮುಂದೆ ಏನು, ಇವುಗಳ ಬಗ್ಗೆಯೇ ಮಾತಾಡಿದೆವು. ನನ್ನ ಅನುಭವದಲ್ಲಿ ಗಮನ ಕೆಡುವುದರ ಬೇರು ಬಹಳ ಸಲ ಇಲ್ಲಿರುತ್ತದೆ. ತನ್ನ ಬೆಲೆಯನ್ನೇ ಟೇಬಲ್ ಮೇಲೆ ಇಟ್ಟು ಆಡುವವನಿಗೆ ತಣ್ಣಗೆ ಫೋಲ್ಡ್ ಮಾಡಲು ಆಗುವುದಿಲ್ಲ.

ಆತ ಇಳಿದ. 5/10ರಲ್ಲಿ ನಾಲ್ಕು ಟೇಬಲ್. ನಿದ್ದೆ ಸರಿಯಾಯಿತು, ಸಿಡುಕು ಕಡಿಮೆಯಾಯಿತು ಅಂತ ಅಕ್ಕ ಫೋನಿನಲ್ಲಿ ಹೇಳಿದರು. ಅಕ್ಕನ ಎದುರೇ ಅಪ್ಪನಿಗೂ ವಿಷಯ ಹೇಳಿದ. ಅಪ್ಪ ಎರಡು ದಿನ ಮಾತು ಬಿಟ್ಟರಂತೆ, ಮೂರನೆಯ ದಿನ ಊಟಕ್ಕೆ ಕರೆದರಂತೆ. ಮುಂದಿನ ವರ್ಷ ಮತ್ತೆ 10/25ಕ್ಕೆ ಹೋದಾಗ ಎರಡೇ ಟೇಬಲ್ ಆಡಿದ. ಎಷ್ಟು ಗೆದ್ದ ಅಂತ ನಾನು ಕೇಳಲಿಲ್ಲ. ನೋಟ್‌ಬುಕ್‌ನಲ್ಲಿ ಗೊತ್ತಿದ್ದೂ ಮಾಡಿದ ತಪ್ಪುಗಳು ಬೆರಳೆಣಿಕೆಗೆ ಇಳಿದಿದ್ದವು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. ಕೌಶಲದ ಆಟವೋ ಅದೃಷ್ಟದ ಆಟವೋ ಅಂತ ನೋಡದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವುದನ್ನೇ ನಿಷೇಧಿಸಿತು. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಈತನ ಆ್ಯಪ್ ಹಣದ ಟೇಬಲ್ ನಿಲ್ಲಿಸಿತು. ಉಳಿದ ಹಣ ತೆಗೆದುಕೊಂಡು ನನ್ನಲ್ಲಿಗೆ ಬಂದ. "ಸಂಜೆ ಕೈ ಖಾಲಿ ಅನ್ನಿಸ್ತದೆ. ಟೆಲಿಗ್ರಾಂನಲ್ಲಿ ಏಜೆಂಟ್‌ಗಳು ಮೆಸೇಜ್ ಮಾಡ್ತಾರೆ, ಹೊರದೇಶದ ಆ್ಯಪ್, ಯುಪಿಐಯಲ್ಲೇ ಹಣ ಹಾಕ್ಬಹುದು ಅಂತ."

ಇದಕ್ಕೆ ನಾನು ಅಳೆದು ತೂಗಿ ಮಾತಾಡಲಿಲ್ಲ. ಬೇಡ ಅಂದೆ. ಏಜೆಂಟ್ ಹಣದೊಂದಿಗೆ ಮಾಯವಾದರೆ ಕೇಳುವವರಿಲ್ಲ. ಅವರು ಕಳಿಸುವ ಹಣ ಯಾರದೋ ವಂಚನೆಯ ಹಣವಾಗಿದ್ದರೆ ನಿಮ್ಮ ಖಾತೆಯನ್ನೇ ಬ್ಯಾಂಕ್ ತಡೆಹಿಡಿಯುತ್ತದೆ. ಕೇರಳದಲ್ಲಿ 2023ರಲ್ಲಿ ಹೀಗೆ ಎಷ್ಟೋ ಜನರ ಖಾತೆ ಫ್ರೀಜ್ ಆಗಿತ್ತು. ಸಂಬಳ ಬರುವ ಖಾತೆ ಅದೇ ಆದರೆ ಮನೆ ನಡೆಯುವುದು ಹೇಗೆ? ಜತೆಗೆ, ಕಾನೂನು ಮುಚ್ಚಿದ ಬಾಗಿಲ ಹಿಂದೆ ಮತ್ತೆ ಮುಚ್ಚಿಡುವ ಅಭ್ಯಾಸ ಶುರುವಾದರೆ, ಒಂಬತ್ತು ಲಕ್ಷಣಗಳ ಪಟ್ಟಿಯನ್ನು ನಾವು ಮತ್ತೆ ತೆರೆಯಬೇಕಾಗುತ್ತದೆ.

ಒಂದು ಆ್ಯಪ್ ಹಾಕಿ ತೆಗೆದಿದ್ದೇನೆ ಅಂತ ಒಪ್ಪಿಕೊಂಡ. ಟೆಲಿಗ್ರಾಂ ಗುಂಪುಗಳಿಂದ ನನ್ನ ಎದುರೇ ಹೊರಬಂದ. ಆಡಬೇಕು ಅಂತ ಕೈ ತುರಿಸುವ ರಾತ್ರಿ ಅಕ್ಕನಿಗೆ, ಅಕ್ಕ ಸಿಗದಿದ್ದರೆ ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಅಥವಾ ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056ಕ್ಕೆ ಫೋನ್ ಮಾಡುವುದು ಅಂತ ಮಾತಾಯಿತು. ಎರಡೂ ಸಹಾಯವಾಣಿಗಳು ಉಚಿತ, ದಿನದ 24 ಗಂಟೆಯೂ ಸಿಗುತ್ತವೆ. ಆಟಕ್ಕೆ ಮೀಸಲಿಟ್ಟಿದ್ದ ಗಂಟೆಗಳಲ್ಲಿ ಸಿ.ಎ. ಇಂಟರ್‌ಗೆ ಓದುತ್ತೇನೆ ಅಂದ. ದಿನಕ್ಕೆ ಎಷ್ಟು ಗಂಟೆ ಅಂತ ಕೇಳಿದೆ. "ಆರು" ಅಂದ. ಎರಡರಿಂದ ಶುರು ಮಾಡಿ ಅಂತ ಹೇಳಿ ಕಳಿಸಿದ್ದೇನೆ.