ಪ್ರಸಿದ್ಧ ಹೆಸರಿಗೆ ಹಣ ಸುರಿಯದೆ ಒಳ್ಳೆಯ ವೈನ್ ಆರಿಸುವುದು ಹೇಗೆ?

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ನೆಲೆಸಿರುವ ಕನ್ನಡಿಗರು ವೈನ್ ಆಯ್ಕೆಯ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಈ ಬಾರಿ ಉತ್ತರಿಸಿದ್ದೇನೆ. ಹೆಚ್ಚಿನವು ಸರ್ಕಾರಿ ಮದ್ಯ ಮಾರಾಟ ಸಂಸ್ಥೆಯಾದ ಎಲ್‌ಸಿಬಿಒದ ವಿಂಟೇಜಸ್ ವಿಭಾಗಕ್ಕೆ ಸಂಬಂಧಿಸಿದವು. ಅಲ್ಲಿಗೆ ಹೊಸ ಬಾಟಲಿಗಳು ಕಂತುಕಂತಾಗಿ ಬರುತ್ತವೆ. ಬಂದ ಸರಕು ಖಾಲಿಯಾದರೆ ಅದೇ ವೈನ್ ಮತ್ತೆ ಸಿಗುತ್ತದೆಂಬ ಖಾತರಿಯಿಲ್ಲ. ಹೀಗಾಗಿ ಓದುಗರ ಮಾತಿನಲ್ಲಿ ಒಂದಿಷ್ಟು ಗಡಿಬಿಡಿ ಕಾಣುವುದು ಸಹಜವೇ.

ಪ್ರಶ್ನೆ: ಹೊಸ ಬಿಡುಗಡೆಯ ಪಟ್ಟಿ ತೆರೆದರೆ ತಲೆ ತಿರುಗುತ್ತದೆ. ಕೊನೆಗೆ ಕೇಳಿ ಗೊತ್ತಿರುವ ಹೆಸರನ್ನೇ ಕೊಂಡು ತರುತ್ತೇನೆ. 25 ಡಾಲರ್ ಒಳಗೆ ನಿಜವಾಗಿ ಒಳ್ಳೆಯದನ್ನು ಆರಿಸಲು ಎಲ್ಲಿಂದ ಆರಂಭಿಸಲಿ? (ಬ್ರಾಂಪ್ಟನ್‌ನ ಓದುಗರು)

ಉತ್ತರ: ಕೇಳಿ ಗೊತ್ತಿರುವ ಹೆಸರನ್ನು ಬಿಡುವುದರಿಂದಲೇ ಆರಂಭಿಸಿ. ಬರ್ಗಂಡಿ, ಬರೋಲೊ, ಸಾನ್ಸೇರ್, ಶಾತೊನೆಫ್ ದು ಪಾಪ್ ಮುಂತಾದ ಊರುಗಳ ವೈನ್ ಚೆನ್ನಾಗಿರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿನ ಜಮೀನಿನ ಬೆಲೆ ಮತ್ತು ಲೋಕವೆಲ್ಲ ಆ ಹೆಸರಿಗಾಗಿ ಮುಗಿಬೀಳುವುದು, ಎರಡೂ ನಿಮ್ಮ ರಸೀದಿಯಲ್ಲಿ ಸೇರಿರುತ್ತವೆ. 25 ಡಾಲರ್‌ಗೆ ಸಿಗುವ ಬರ್ಗಂಡಿ ಆ ಪ್ರದೇಶದ ಅತಿ ಸಾಧಾರಣ ವೈನ್ ಆಗಿರುವ ಸಾಧ್ಯತೆಯೇ ಹೆಚ್ಚು. ಅದೇ ಹಣಕ್ಕೆ ಪೋರ್ಚುಗಲ್‌ನ ಒಳ್ಳೆಯ ತೋಟವೊಂದರ ಮೇಲ್ದರ್ಜೆಯ ವೈನ್ ಸಿಗುತ್ತದೆ.

ಬೆಲೆಯ ಒಳಗಣ ಲೆಕ್ಕವನ್ನೂ ತಿಳಿದುಕೊಳ್ಳಿ. ಬಾಟಲಿಯ ಗಾಜು, ಬಿರಡೆ, ಹಡಗಿನ ಸಾಗಣೆ, ಲೀಟರ್ ಲೆಕ್ಕದ ಸುಂಕ ಇವು ಅಗ್ಗದ ವೈನ್‌ಗೂ ದುಬಾರಿ ವೈನ್‌ಗೂ ಹೆಚ್ಚುಕಡಿಮೆ ಒಂದೇ. ಇದರ ಮೇಲೆ ಸಂಸ್ಥೆಯ ಲಾಭಾಂಶ ಮತ್ತು ಶೇ 13ರ ಮಾರಾಟ ತೆರಿಗೆ. ಇವನ್ನೆಲ್ಲ ಕಳೆದರೆ 11 ಡಾಲರ್‌ನ ಬಾಟಲಿಯಲ್ಲಿ ದ್ರಾಕ್ಷಿಗೆಂದು ಉಳಿಯುವುದು ಪುಡಿಗಾಸು. 18ರಿಂದ 25 ಡಾಲರ್‌ನ ಬಾಟಲಿಯಲ್ಲಿ ಆ ಪಾಲು ಬೆಲೆಗಿಂತ ವೇಗವಾಗಿ ಬೆಳೆಯುತ್ತದೆ. ಕೊಟ್ಟ ಕಾಸಿಗೆ ಹೆಚ್ಚು ವೈನ್ ಸಿಗುವುದು ಈ ಅಂತರದಲ್ಲಿ. ವಾರಕ್ಕೆರಡು ಅಗ್ಗದ ಬಾಟಲಿ ತರುವವರು ಒಂದೇ ಒಂದು ಒಳ್ಳೆಯದನ್ನು ತರಲಿ ಎಂಬುದು ನನ್ನ ಮನಸ್ಸಿನಲ್ಲಿರುವ ಮಾತು. ಒಂದು ಬಾಟಲಿಯೆಂದರೆ ಐದು ಪ್ರಮಾಣ, ಅಂದರೆ ಸುಮಾರು ಐದು ಗ್ಲಾಸ್. ವಾರಕ್ಕೆ ಎರಡು ಪ್ರಮಾಣದವರೆಗೆ ಮಾತ್ರ ಅಪಾಯ ಕಡಿಮೆ ಎಂದು ಮದ್ಯಸೇವನೆ ಕುರಿತ ಕೆನಡಾದ ಮಾರ್ಗದರ್ಶಿ 2023ರಲ್ಲಿ ಹೇಳಿದೆ.

ಇನ್ನು ಊರುಗಳು. ಮೊದಲು ಪೋರ್ಚುಗಲ್‌ನ ಡೌರೊ ನೋಡಿ. ಪೋರ್ಟ್ ಎಂಬ ಸಿಹಿ ವೈನಿಗಾಗಿ 1756ರಲ್ಲೇ ಗಡಿ ಗುರುತಿಸಿದ ಕಣಿವೆ ಅದು. ಪದರುಗಲ್ಲಿನ ಕಡಿದಾದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಳ್ಳಿ ಬೆಳೆಸಿದ್ದಾರೆ, ಕೊಯ್ಲಿನ ಬಹುಪಾಲು ಕೈಯಲ್ಲೇ ಆಗಬೇಕು. ಟೊರಿಗಾ ನಾಸಿಯೊನಾಲ್, ಟೊರಿಗಾ ಫ್ರಾಂಕಾ, ಟಿಂಟಾ ರೋರಿಜ್ ಎಂಬ ಅದೇ ಪೋರ್ಟ್ ದ್ರಾಕ್ಷಿಗಳಿಂದ ಈಗ ಸಿಹಿಯಿಲ್ಲದ ಕೆಂಪು ವೈನ್ ಮಾಡುತ್ತಾರೆ. ಅಷ್ಟು ಶ್ರಮದ ಬೆಳೆ ಇಷ್ಟು ಕಡಿಮೆ ಬೆಲೆಗೆ ಸಿಗುವ ಜಾಗ ಯುರೋಪಿನಲ್ಲಿ ಹೆಚ್ಚಿಲ್ಲ. ಡೌರೊ ಭಾರವೆನಿಸಿದರೆ ಅದರ ದಕ್ಷಿಣಕ್ಕಿರುವ ಡಾಂವ್ ಪ್ರದೇಶದ್ದನ್ನು ತೆಗೆದುಕೊಳ್ಳಿ. ಗ್ರಾನೈಟ್ ನೆಲ, ತಂಪು ಹವೆ, ಹಗುರ ಮೈಕಟ್ಟು.

ಸ್ಪೇನ್‌ನಲ್ಲಿ ಪ್ರಸಿದ್ಧ ರಿಯೋಹಾ ಸೀಮೆಯಲ್ಲೇ ನಿಲ್ಲದೆ ಮುಂದೆಯೂ ಹೋಗಿ. ವಾಯವ್ಯ ಮೂಲೆಯ ಬಿಯೆರ್ಸೊದ ಮೆನ್ಸಿಯಾ ದ್ರಾಕ್ಷಿ, ಅರಗೊನ್ ಸೀಮೆಯ ಕಲತಾಯೂದ್‌ನ ಹಳೆ ಗಾರ್ನಾಚಾ ಬಳ್ಳಿಗಳು, ಹುಮಿಯಾದ ಮೊನಾಸ್ಟ್ರೆಲ್ ಇವು ಮೂರೂ ಮೂರು ರುಚಿ. ಬಿಳಿ ವೈನ್ ಬೇಕಿದ್ದರೆ ಫ್ರಾನ್ಸಿನ ಮಸ್ಕಡೆ. ಚೀಟಿಯ ಮೇಲೆ ‘ಸುರ್ ಲಿ’ ಎಂದಿರಲಿ. ಹುದುಗಿದ ಮೇಲೆ ತಳದಲ್ಲಿ ನಿಂತ ಯೀಸ್ಟ್ ಗಸಿಯ ಮೇಲೇ ಚಳಿಗಾಲವಿಡೀ ಬಿಟ್ಟ ವೈನ್ ಎಂದು ಅದರರ್ಥ. ತೆಳುವಾದ ವೈನಿಗೂ ಇದರಿಂದ ನಾಲಗೆಯ ಮೇಲೆ ಒಂದು ತುಂಬು ಬರುತ್ತದೆ. ಗ್ರೀಸ್‌ನ ಸ್ಯಾಂಟೊರಿನಿ ದ್ವೀಪದ ಅಸಿರ್ಟಿಕೊ ಅದ್ಭುತ ವೈನ್, ಆದರೆ ಅಲ್ಲಿ ಇಳುವರಿ ಕುಸಿದು ಬೆಲೆ ಬಹಳ ಏರಿದೆ. ಅದೇ ದ್ರಾಕ್ಷಿಯನ್ನು ಗ್ರೀಸ್‌ನ ಮುಖ್ಯ ಭೂಭಾಗದಲ್ಲೂ ಬೆಳೆಯುತ್ತಾರೆ, ಅದು ಕೈಗೆಟಕುತ್ತದೆ.

ಪ್ರಶ್ನೆ: ಬೆಲೆಚೀಟಿಯ ಪಕ್ಕದಲ್ಲಿ 92, 94 ಎಂದು ಅಂಕ ಹಾಕಿರುತ್ತಾರೆ. ಅದನ್ನು ನಂಬಿ ಕೊಳ್ಳಬಹುದೇ? ‘ರಿಸರ್ವ್’ ಎಂದು ಬರೆದಿದ್ದರೆ ಹೆಚ್ಚು ಒಳ್ಳೆಯದೇ? (ವಾಟರ್‌ಲೂ)

ಉತ್ತರ: ಅಂಕ ಒಬ್ಬ ವಿಮರ್ಶಕನ ಅಭಿಪ್ರಾಯ, ಅಷ್ಟೇ. ಒಂದೇ ವೈನಿಗೆ ನಾಲ್ವರು ಅಂಕ ಕೊಟ್ಟಿದ್ದರೆ ಮಾರುವವರು ಹೆಚ್ಚಿನದನ್ನೇ ಮುಂದಿಡುತ್ತಾರೆ. ಆ ಅಂಕ ನಿಮ್ಮ ಕೈಯಲ್ಲಿರುವ ವರ್ಷದ ಬೆಳೆಗೇ ಕೊಟ್ಟದ್ದೋ, ಹಿಂದಿನ ವರ್ಷದ್ದೋ ನೋಡಿ. ಅಂಕಕ್ಕಿಂತ ವಿವರಣೆಯನ್ನು ಓದುವುದು ಮೇಲು. ‘ದಟ್ಟ, ಓಕ್ ಪೀಪಾಯಿಯ ಪರಿಮಳ’ ಎಂದಿರುವ 94 ಅಂಕದ ವೈನ್, ಹಗುರ ವೈನ್ ಇಷ್ಟಪಡುವವರಿಗೆ ಬೇಡದ ವೈನೇ.

ಎಲ್‌ಸಿಬಿಒ ಜಾಲತಾಣದಲ್ಲಿ ಪ್ರತಿ ಲೀಟರ್‌ಗೆ ಎಷ್ಟು ಗ್ರಾಂ ಸಕ್ಕರೆ ಎಂಬುದನ್ನೂ ಕೊಡುತ್ತಾರೆ. ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸುವ ಸಂಖ್ಯೆ ಅದು. ನಾಲ್ಕು ಗ್ರಾಂ ಒಳಗಿದ್ದರೆ ಸಿಹಿ ತಿಳಿಯುವುದಿಲ್ಲ. ಕೆಂಪು ವೈನ್‌ನಲ್ಲಿ ಹತ್ತು, ಹನ್ನೆರಡು ಗ್ರಾಂ ಕಂಡರೆ, ದ್ರಾಕ್ಷಿಯ ಕೊರತೆಯನ್ನು ಸಿಹಿಯಿಂದ ಮುಚ್ಚಿರಬಹುದೆಂದು ನಾನು ಎಚ್ಚರವಾಗುತ್ತೇನೆ.

‘ರಿಸರ್ವ್’ ಎಂಬುದು ದೇಶವನ್ನು ಅವಲಂಬಿಸಿದೆ. ರಿಯೋಹಾದಲ್ಲಿ ಅದಕ್ಕೆ ಕಾನೂನಿನ ಬಲವಿದೆ. ಕ್ರಿಯಾಂಜಾ ಎಂದರೆ ಎರಡು ವರ್ಷ, ರಿಸರ್ವಾ ಎಂದರೆ ಮೂರು ವರ್ಷ ಮಾಗಿಸಿದ್ದು; ಎರಡರಲ್ಲೂ ಕನಿಷ್ಠ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ಅಷ್ಟು ಕಾಲ ಮಾಗಿಸಿದ ವೈನನ್ನು ನೆಲಮಾಳಿಗೆಯಲ್ಲಿ ಇಟ್ಟುಕೊಂಡ ಖರ್ಚನ್ನು ತಯಾರಕರೇ ಹೊತ್ತಿರುವುದರಿಂದ ರಿಯೋಹಾ ರಿಸರ್ವಾ ಇಂದಿಗೂ ಲಾಭದ ಖರೀದಿ. ಆಸ್ಟ್ರೇಲಿಯಾದ ಬಾಟಲಿಯ ಮೇಲಿನ ಅದೇ ಪದದ ಹಿಂದೆ ಅಂಥ ನಿಯಮವಿಲ್ಲ. ‘ಹಳೆ ಬಳ್ಳಿ’ ಎಂಬ ಮಾತಿಗೂ ಹೆಚ್ಚಿನ ದೇಶಗಳಲ್ಲಿ ಲಗಾಮಿಲ್ಲ. ಇದಕ್ಕೆ ಒಳ್ಳೆಯ ಅಪವಾದ ದಕ್ಷಿಣ ಆಫ್ರಿಕಾ: 35 ವರ್ಷ ದಾಟಿದ ತೋಟಗಳ ವೈನಿಗೆ ಬಳ್ಳಿ ನೆಟ್ಟ ವರ್ಷವನ್ನೇ ನಮೂದಿಸಿದ ಮುದ್ರೆ ಹಚ್ಚುತ್ತಾರೆ. ಆ ಮುದ್ರೆಯಿರುವ ಶೆನಿನ್ ಬ್ಲಾಂಕ್ ಕಂಡರೆ ಯೋಚಿಸದೆ ಎತ್ತಿಕೊಳ್ಳಿ.

ಪ್ರಶ್ನೆ: ನಮಗೆ ಕ್ಯಾಲಿಫೋರ್ನಿಯಾದ ಜಿನ್‌ಫಂಡೆಲ್ ಬಹಳ ಇಷ್ಟ. 2025ರ ಮಾರ್ಚ್‌ನಲ್ಲಿ ಅಮೆರಿಕದ ಮದ್ಯವನ್ನೆಲ್ಲ ಅಂಗಡಿಯಿಂದ ತೆಗೆದಾಗಿನಿಂದ ಬದಲಿಗೆ ಏನು ಕೊಳ್ಳಬೇಕೆಂದು ತೋಚುತ್ತಿಲ್ಲ. (ಒಟ್ಟಾವ)

ಉತ್ತರ: ಜಿನ್‌ಫಂಡೆಲ್‌ನ ತವರು ಅಮೆರಿಕವಲ್ಲ. ಬೂಟಿನಾಕಾರದ ಇಟಲಿಯ ಹಿಮ್ಮಡಿಯಲ್ಲಿರುವ ಪುಲಿಯಾ ಪ್ರಾಂತ್ಯದ ಪ್ರಿಮಿಟಿವೊ ಅದೇ ದ್ರಾಕ್ಷಿ. ಮೂಲ ಇನ್ನೂ ಹಿಂದಿನದು: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿದ್ದ ಕ್ಯಾರೊಲ್ ಮೆರೆಡಿತ್ ಮತ್ತು ಕ್ರೊಯೇಷಿಯಾದ ಸಂಶೋಧಕರು ಡಾಲ್ಮೇಷಿಯಾ ಕರಾವಳಿಯ ಹಳೆ ತೋಟವೊಂದರಲ್ಲಿ ಉಳಿದಿದ್ದ ಬಳ್ಳಿಯೇ ಜಿನ್‌ಫಂಡೆಲ್ ಎಂದು 2001ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಕಂಡುಕೊಂಡರು. ಆದ್ದರಿಂದ ನೇರವಾಗಿ ಪ್ರಿಮಿಟಿವೊ ಕೊಳ್ಳಿ. ಮಂಡೂರಿಯಾದ್ದು ದಟ್ಟ, ಹಣ್ಣಿನ ರಸ ತುಂಬಿದ್ದು. ಎತ್ತರದ ನೆಲದ ಜೋಯಾ ದೆಲ್ ಕೊಲ್ಲೆಯದು ಅದಕ್ಕಿಂತ ಬಿಗಿ, ನನಗೆ ಹೆಚ್ಚು ಮೆಚ್ಚಿಗೆ. ಸಕ್ಕರೆಯ ಸಂಖ್ಯೆ ನೋಡಲು ಮಾತ್ರ ಮರೆಯಬೇಡಿ. ಅಗ್ಗದ ಪ್ರಿಮಿಟಿವೊಗಳು ಸಿಹಿಯ ಕಡೆ ವಾಲುತ್ತವೆ.

ಮೆರ್ಲೊ ಕುಡಿಯುತ್ತಿದ್ದವರಿಗೆ ಚಿಲಿಯ ಕಾರ್ಮೆನೇರ್ ಹೇಳುತ್ತೇನೆ. ದಶಕಗಳ ಕಾಲ ಅಲ್ಲಿನವರೇ ಅದನ್ನು ಮೆರ್ಲೊ ಎಂದುಕೊಂಡಿದ್ದರು. ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ ಕಣ್ಮರೆಯಾಗಿದ್ದ ಕಾರ್ಮೆನೇರ್ ಇದೇ ಎಂದು 1994ರಲ್ಲಿ ಗುರುತಿಸಿದವರು ಫ್ರಾನ್ಸಿನ ದ್ರಾಕ್ಷಿ ತಜ್ಞ ಜಾನ್ ಮಿಶೆಲ್ ಬೂರ್ಸಿಕೊ.

ಪ್ರಶ್ನೆ: ನಮ್ಮ ಅಡುಗೆಗೆ ವೈನ್ ಹೊಂದುವುದೇ ಇಲ್ಲ, ಬಿಯರ್ ಸಾಕು ಎಂದು ನಮ್ಮ ಯಜಮಾನರ ವಾದ. ಬಿಸಿಬೇಳೆಬಾತ್, ಕೋರಿ ಗಸಿ, ಕೊಡಗಿನ ಪಂದಿ ಕರಿ ಇವಕ್ಕೆ ಹೊಂದುವ ವೈನ್ ಇದೆಯೇ? (ಮಿಸ್ಸಿಸಾಗಾ)

ಉತ್ತರ: ಧಾರಾಳವಾಗಿ ಇದೆ. ಹೊಂದುವುದಿಲ್ಲ ಎನ್ನುವವರು ಸಾಮಾನ್ಯವಾಗಿ ಓಕ್ ತುಂಬಿದ, ಒಗರು ಹೆಚ್ಚಿರುವ, ಶೇ 14.5ರ ಕೆಂಪು ವೈನನ್ನು ಖಾರದ ಸಾರಿನೊಂದಿಗೆ ಕುಡಿದಿರುತ್ತಾರೆ. ಮದ್ಯಸಾರ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ, ಆ ಉರಿ ವೈನಿನ ಒಗರನ್ನು ಕಹಿಯಾಗಿಸುತ್ತದೆ. ಹಾಗಾಗಿ ನಮ್ಮ ಊಟಕ್ಕೆ ಮದ್ಯಸಾರ ಕಡಿಮೆ, ಒಗರು ಕಡಿಮೆ, ಹುಳಿ ಹೆಚ್ಚು ಇರಬೇಕು. ಚೂರು ಸಿಹಿಯಿದ್ದರೆ ಇನ್ನೂ ಒಳ್ಳೆಯದು.

ಬಿಸಿಬೇಳೆಬಾತ್‌ನಲ್ಲಿ ಹುಣಸೆಯ ಹುಳಿ, ತುಪ್ಪ, ದಾಲ್ಚಿನ್ನಿ ಲವಂಗದ ಘಮ ಮೂರೂ ಇರುವುದರಿಂದ ಸಪ್ಪೆ ವೈನ್ ಅದರ ಮುಂದೆ ನೀರಾಗುತ್ತದೆ. ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ಕಾಬಿನೆಟ್ ತನ್ನಿ. ಮದ್ಯಸಾರ ಶೇ 8 ಅಥವಾ 9 ಮಾತ್ರ, ಹುಳಿ ಸಿಹಿ ಎರಡೂ ಸರಿಸಮ. ಇಷ್ಟು ಶ್ರೇಷ್ಠವಾದ ವೈನ್ ಇಷ್ಟು ಅಗ್ಗವಾಗಿ ಸಿಗಲು ಕಾರಣ ಒಂದೇ: ಸಿಹಿ ಎಂದೊಡನೆ ಜನ ಮೂಗು ಮುರಿಯುತ್ತಾರೆ. ನಮಗದು ಲಾಭ. ಫ್ರಾನ್ಸಿನ ಲುವಾರ್ ಕಣಿವೆಯ ವೂವ್ರೆ ಕೂಡ ಆಗುತ್ತದೆ, ಚೀಟಿಯ ಮೇಲೆ ‘ಡೆಮಿ ಸೆಕ್’ (ಅರೆಸಿಹಿ) ಎಂದಿದ್ದರೆ.

ಕೋರಿ ಗಸಿಯಲ್ಲಿ ತೆಂಗಿನ ಹಾಲಿನ ಕೊಬ್ಬು ಇರುವುದರಿಂದ ಸ್ವಲ್ಪ ತೂಕವಿರುವ ಬಿಳಿ ವೈನ್ ಬೇಕು. ಅಲ್ಸಾಸ್‌ನ ಪಿನೊ ಗ್ರಿ ಹಿಡಿಸುತ್ತದೆ. ಅರ್ಜೆಂಟೀನಾದ ಸಾಲ್ಟಾ ಪ್ರಾಂತ್ಯದ ಟೊರೊಂಟೆಸ್ ಹೂವಿನ ಪರಿಮಳದ್ದು. ಕರಿಬೇವು, ಕೊತ್ತಂಬರಿಯ ಒಗ್ಗರಣೆಯೊಂದಿಗೆ ಅದು ಬೆರೆಯುವ ಪರಿ ನನಗೆ ಪ್ರತಿಸಲವೂ ಖುಷಿ ಕೊಟ್ಟಿದೆ.

ಪಂದಿ ಕರಿಗೆ ಕೆಂಪು ವೈನೇ ಆಗಬೇಕು. ಕಾಚಂಪುಳಿಯ ಕಡು ಹುಳಿಗೆ ಎದುರು ನಿಲ್ಲಲು ವೈನಿನಲ್ಲೂ ಹುಳಿಯಿರಬೇಕು, ಕಾಳುಮೆಣಸಿನ ಖಾರಕ್ಕೆ ಒಗರು ಕಡಿಮೆಯಿರಬೇಕು. ಇಟಲಿಯ ಬಾರ್ಬೆರಾ ದಾಸ್ಟಿ ಇದಕ್ಕೆಂದೇ ಮಾಡಿದಂತಿದೆ. ಫ್ರಾನ್ಸಿನ ಬೋಜೊಲೆಯ ಹತ್ತು ‘ಕ್ರೂ’ (ಮೇಲ್ದರ್ಜೆಯ) ಹಳ್ಳಿಗಳಲ್ಲಿ ಒಂದಾದ ಮೊರ್ಗೊನ್‌ನದೂ ಒಪ್ಪುತ್ತದೆ. ಕುಡಿಯುವ ಮೊದಲು ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ. ರಾಗಿ ಮುದ್ದೆ, ಮಟನ್ ಸಾರು ಮಾಡಿದ ದಿನ ಆಸ್ಟ್ರಿಯಾದ ಜ್ವೈಗೆಲ್ಟ್ ತಂದು ನೋಡಿ. ಹಬ್ಬದ ಒಬ್ಬಟ್ಟಿಗಾದರೆ ಗ್ರೀಸ್‌ನ ಸಾಮೋಸ್ ದ್ವೀಪದ ಸಿಹಿ ಮಸ್ಕಟ್. ಸಿಹಿತಿಂಡಿಗಿಂತ ವೈನ್ ಸಿಹಿಯಾಗಿರದಿದ್ದರೆ ಬಾಯಲ್ಲಿ ಬರೀ ಹುಳಿ ಉಳಿಯುತ್ತದೆ.

ಪ್ರಶ್ನೆ: ನಯಾಗರದ ವೈನ್‌ಗಳು ಬೆಲೆಗೆ ತಕ್ಕಂತಿವೆಯೇ, ಅಥವಾ ಐಸ್‌ವೈನ್ ಒಂದೇ ಗತಿಯೇ? ಬೆಂಗಳೂರಿಗೆ ಹೋಗುವಾಗ ಒಂದು ಬಾಟಲಿ ಒಯ್ಯುವ ಆಸೆಯಿದೆ. (ಲಂಡನ್, ಒಂಟಾರಿಯೊ)

ಉತ್ತರ: ಮೊದಲು ‘ವಿಕ್ಯೂಎ’ ಎಂಬ ಗುರುತು ಹುಡುಕಿ. 1999ರ ಕಾಯ್ದೆಯ ಪ್ರಕಾರ ಅದಿದ್ದರೆ ದ್ರಾಕ್ಷಿ ಪೂರ್ತಿ ಒಂಟಾರಿಯೊದ್ದೇ. ಅದಿಲ್ಲದ ಅಗ್ಗದ ಬಾಟಲಿಗಳಲ್ಲಿ ಆಮದು ವೈನ್ ಬೆರೆಸಿರುವುದುಂಟು. ಹಿಂಬದಿಯ ಸಣ್ಣ ಅಕ್ಷರ ಓದಿ.

ಇಲ್ಲಿನ ಹವೆಗೆ ಒಗ್ಗಿದ ದ್ರಾಕ್ಷಿ ಆರಿಸಿದರೆ ಮೋಸವಿಲ್ಲ. ದಪ್ಪ ಸಿಪ್ಪೆಯ ಕ್ಯಾಬರ್ನೆ ಸೊವಿನ್ಯೊನ್ ತಂಪು ವರ್ಷಗಳಲ್ಲಿ ಪೂರ್ತಿ ಹಣ್ಣಾಗುವುದಿಲ್ಲ, ಹಸಿ ವಾಸನೆ ಉಳಿಯುತ್ತದೆ. ರೀಸ್ಲಿಂಗ್, ಗಾಮೆ, ಕ್ಯಾಬರ್ನೆ ಫ್ರಾಂಕ್ ಇವೇ ನಯಾಗರದ ಬಲ. ಬೀಮ್ಸ್‌ವಿಲ್ ಬೆಂಚ್, ಟ್ವೆಂಟಿ ಮೈಲ್ ಬೆಂಚ್ ಎಂಬ ಹೆಸರುಗಳನ್ನು ನೆನಪಿಡಿ. ಸುಣ್ಣಕಲ್ಲಿನ ದಿಬ್ಬದ ಮಗ್ಗುಲಿನ ಆ ನೆಲಕ್ಕೆ ಒಂಟಾರಿಯೊ ಸರೋವರದ ಗಾಳಿ ಚಳಿಯನ್ನೂ ಸೆಕೆಯನ್ನೂ ತಗ್ಗಿಸಿ ಕೊಡುತ್ತದೆ. ಅಲ್ಲಿನ ಸಿಹಿಯಿಲ್ಲದ ರೀಸ್ಲಿಂಗ್ ಅನ್ನು ನಾನು ದುಪ್ಪಟ್ಟು ಬೆಲೆಯ ಯುರೋಪಿನ ವೈನ್‌ಗಳ ಪಕ್ಕದಲ್ಲಿ ನಿಸ್ಸಂಕೋಚವಾಗಿ ಇಡುತ್ತೇನೆ.

ಬೆಂಗಳೂರಿಗೆ ಐಸ್‌ವೈನನ್ನೇ ಒಯ್ಯಿರಿ. ಬಳ್ಳಿಯಲ್ಲೇ ಹೆಪ್ಪುಗಟ್ಟಿದ ದ್ರಾಕ್ಷಿಯನ್ನು ಮೈನಸ್ 8 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿನ ಚಳಿಯಲ್ಲಿ ಕೊಯ್ದು ಹಿಂಡಿದ ವೈನ್ ಅದು, ಭಾರತದ ಯಾವ ತೋಟದಲ್ಲೂ ಆಗದ್ದು. ಬಾಟಲಿ ಸಾಮಾನ್ಯವಾಗಿ 375 ಮಿಲಿಲೀಟರ್‌ನದು. ವಯಸ್ಕ ಪ್ರಯಾಣಿಕರೊಬ್ಬರಿಗೆ ಸುಂಕವಿಲ್ಲದೆ ಎರಡು ಲೀಟರ್ ಮದ್ಯ ಒಯ್ಯಲು ಅವಕಾಶವಿದೆ. ಅತ್ತ ಕಡೆಯಿಂದ ಬರುವಾಗ ನಂದಿ ಬೆಟ್ಟದ ತಪ್ಪಲಿನ ಒಂದು ಶಿರಾಜ್ ತಂದು ಇಲ್ಲಿನ ಗೆಳೆಯರಿಗೆ ಕುಡಿಸಿ, ನಮ್ಮ ನೆಲದ ವೈನಿನ ರುಚಿಯೂ ಅವರಿಗೆ ತಿಳಿಯಲಿ.

ಪ್ರಶ್ನೆ: ಮಗಳ ಪದವಿ ಸಂಭ್ರಮಕ್ಕೆ ಮೂವತ್ತು ಜನ ಬರುತ್ತಾರೆ. ಶಾಂಪೇನ್ ನಮ್ಮ ಕೈಗೆಟಕುವುದಿಲ್ಲ. (ಸ್ಕಾರ್ಬರೊ)

ಉತ್ತರ: ಫ್ರಾನ್ಸಿನದೇ ಕ್ರೆಮಾನ್ ಕೊಳ್ಳಿ. ಶಾಂಪೇನ್‌ನಂತೆಯೇ ಬಾಟಲಿಯೊಳಗೆ ಎರಡನೇ ಸಲ ಹುದುಗಿಸಿ, ಕನಿಷ್ಠ ಒಂಬತ್ತು ತಿಂಗಳು ಯೀಸ್ಟ್ ಗಸಿಯ ಮೇಲೆ ಮಾಗಿಸುತ್ತಾರೆ. ಲುವಾರ್ ಮತ್ತು ಲಿಮೂ ಊರಿನವು ಹೆಚ್ಚಾಗಿ ಸಿಗುತ್ತವೆ. ಶುಭ ಕೋರುವ ಒಂದು ಸುತ್ತಿಗೆ ಬಾಟಲಿಗೆ ಆರು ಗ್ಲಾಸ್ ಲೆಕ್ಕ, ಐದು ಬಾಟಲಿ ಬೇಕಾಗುತ್ತದೆ. ಆರು ತನ್ನಿ. 19 ತುಂಬದ ಮಕ್ಕಳಿಗೆ ಬೇರೆ ಪಾನೀಯವಿರಲಿ.

ಪ್ರಶ್ನೆ: ಹೊಸ ಬಿಡುಗಡೆಯಲ್ಲಿ ತಂದ ಬಾಟಲಿಯೊಂದು ಒದ್ದೆ ರಟ್ಟಿನ ವಾಸನೆ ಹೊಡೆಯುತ್ತಿತ್ತು. ಆ ತಳಿಯ ಗುಣವೇ ಹಾಗಿರಬಹುದೆಂದು ಕುಡಿದುಬಿಟ್ಟೆವು. (ಗೆಲ್ಫ್)

ಉತ್ತರ: ಅದು ತಳಿಯ ಗುಣವಲ್ಲ, ಬಿರಡೆಯ ದೋಷ. ಟಿಸಿಎ ಎಂಬ ರಾಸಾಯನಿಕ ಸೇರಿದ ಬಿರಡೆಯಿಂದ ಹೀಗಾಗುತ್ತದೆ. ಆರೋಗ್ಯಕ್ಕೆ ತೊಂದರೆಯಿಲ್ಲ, ಆದರೆ ಹಣ್ಣಿನ ಪರಿಮಳವೆಲ್ಲ ಅಡಗಿಹೋಗುತ್ತದೆ. ಪರಿಚಯವಿಲ್ಲದ ವೈನ್ ಕೊಳ್ಳುವವರಿಗೆ ಇದರಿಂದಲೇ ಹೆಚ್ಚು ನಷ್ಟ, ಏಕೆಂದರೆ ಒಂದು ಕೆಟ್ಟ ಬಾಟಲಿ ಕುಡಿದು ಇಡೀ ಪ್ರದೇಶವನ್ನೇ ಕೈಬಿಡುತ್ತಾರೆ. ಮುಂದಿನ ಸಲ ಒಂದು ಗುಟುಕಿಗೇ ನಿಲ್ಲಿಸಿ, ಬಿರಡೆ ಮುಚ್ಚಿ, ರಸೀದಿಯೊಂದಿಗೆ ಅಂಗಡಿಗೆ ಒಯ್ಯಿರಿ. ಹಣ ವಾಪಸ್ ಕೇಳಲು ಸಂಕೋಚ ಬೇಡ. ಅದೇ ವೈನಿನ ಇನ್ನೊಂದು ಬಾಟಲಿ ಉಳಿದಿದ್ದರೆ ಅಲ್ಲಿಯೇ ಬದಲಿಸಿಕೊಂಡು ಬನ್ನಿ.