ಮಾಡಿದ್ದುಣ್ಣೋ ಮಾರಾಯ ಅನ್ನುವ ಮುಂಚೆ

ಓದುಗರೊಬ್ಬರ ಪತ್ರ: ಕಳೆದ ಸಂಚಿಕೆಯಲ್ಲಿ ಕೇಸಿ ಜಾನ್ಸನ್ ಬಗ್ಗೆ ಎರಡು ಪುಟ ಬರೆದಿದ್ದೀರಿ. ಜಾನ್ಸನ್ ಅಂಡ್ ಜಾನ್ಸನ್ ಮನೆತನದ ದುಡ್ಡಲ್ಲಿ ಪಾರ್ಟಿ ಮಾಡಿಕೊಂಡಿದ್ದ ಹುಡುಗಿ. ಸತ್ತಾಗ ಜನ ಆಡಿಕೊಂಡರೆ ತಪ್ಪೇನು? ಮಾಡಿದ್ದುಣ್ಣೋ ಮಾರಾಯ!

ಸಂಪಾದಕರ ಉತ್ತರ: ಒಂದು ಮಾತು ಒಪ್ಪಿದೆ. ಕೂಲಿ ಮಾಡುವವಳು ಸತ್ತರೆ ಒಂದು ಸಾಲೂ ಬರುವುದಿಲ್ಲ, ಸಿರಿವಂತರ ಮನೆ ಹುಡುಗಿ ಸತ್ತರೆ ಪುಟ ಸಾಲುವುದಿಲ್ಲ. ಅನ್ಯಾಯವೇ.

ಆದರೆ ಆಕೆ ಮಾಡಿದ್ದಾದರೂ ಏನು, ಉಂಡಿದ್ದೇನು? 2010ರ ಜನವರಿ 4ರಂದು ಲಾಸ್ ಏಂಜಲೀಸ್‌ನ ಮನೆಯಲ್ಲಿ ಶವ ಸಿಕ್ಕಿತು. ವಯಸ್ಸು 30. ಡ್ರಗ್ಸ್ ಇರಬೇಕು ಎಂದು ಜನ ಆಗಲೇ ಮಾತಾಡಿಕೊಂಡರು. ತಿಂಗಳ ನಂತರ ವರದಿ ಬಂತು. ಸಾವಿಗೆ ಕಾರಣ ಡಯಾಬಿಟಿಕ್ ಕೀಟೊಅಸಿಡೋಸಿಸ್, ಅಂದರೆ ಡಯಾಬಿಟಿಸ್ ಕೈಮೀರಿ ರಕ್ತದಲ್ಲಿ ಆಮ್ಲ ಏರುವ ಸ್ಥಿತಿ. ಎಂಟನೇ ವಯಸ್ಸಿನಿಂದ ಆಕೆಗೆ ಟೈಪ್ 1 ಡಯಾಬಿಟಿಸ್ ಇತ್ತು.

ಟೈಪ್ 1 ಡಯಾಬಿಟಿಸ್ ಸಿಹಿ ಜಾಸ್ತಿ ತಿಂದು ಬರುವ ಕಾಯಿಲೆ ಅಲ್ಲ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ದೇಹವೇ ಹಾಳು ಮಾಡಿಕೊಳ್ಳುತ್ತದೆ. ಹೊರಗಿನಿಂದ ಕೊಡುವ ಇನ್ಸುಲಿನ್ ತಪ್ಪಿತೋ, ರಕ್ತದ ತುಂಬ ಸಕ್ಕರೆ ಇದ್ದರೂ ದೇಹಕ್ಕೆ ದಕ್ಕುವುದಿಲ್ಲ. ಆಗ ಅದು ಕೊಬ್ಬು ಕರಗಿಸುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ. ವಾಂತಿ, ತಡೆಯಲಾಗದ ಬಾಯಾರಿಕೆ, ಏದುಸಿರು, ಮಂಪರು. ಉಸಿರಲ್ಲಿ ಹಣ್ಣಿನಂಥ ವಾಸನೆ. ಕುಡಿದಿದ್ದಾರೆ ಅಂತ ನೋಡಿದವರು ಸುಮ್ಮನಾಗಿಬಿಡುವುದೂ ಉಂಟು. ಒಂದೆರಡು ದಿನದಲ್ಲೇ ಪ್ರಾಣ ಹೋಗಬಹುದು.

ಇನ್ಸುಲಿನ್ ತಗೊಳ್ಳದೇ ಇದ್ದದ್ದು ಅವಳದೇ ತಪ್ಪಲ್ವಾ ಅಂತ ನೀವು ಕೇಳುತ್ತೀರಿ, ಗೊತ್ತು. ದಿನಕ್ಕೆ ಹಲವು ಸಲ ಸೂಜಿ, ರಜೆಯೇ ಇಲ್ಲ, ಎಂಟನೇ ವಯಸ್ಸಿನಿಂದ. ನಾವು ಜ್ವರದ ಮಾತ್ರೆಯನ್ನೇ ಐದು ದಿನ ಪೂರ್ತಿ ನುಂಗುವುದಿಲ್ಲ ಸ್ವಾಮಿ. ಆ ಕಾಲಕ್ಕೆ ಸಕ್ಕರೆ ಅಳೆಯುವ ಮೀಟರ್ ಮಾರುತ್ತಿದ್ದದ್ದು ಆಕೆಯ ಮನೆತನದ ಕಂಪನಿಯೇ. ಡಯಾಬಿಟಿಸ್ ಇರುವ ಮಕ್ಕಳ ಅಪ್ಪ-ಅಮ್ಮಂದಿರಿಗಾಗಿ ಒಂದು ಪುಸ್ತಕವನ್ನೂ ಆಕೆ ಹೆತ್ತವರ ಜೊತೆ ಸೇರಿ ಬರೆದಿದ್ದಳು, ಅದೂ ಇಪ್ಪತ್ತು ತುಂಬುವ ಮೊದಲೇ. ಬರೀ ಪಾರ್ಟಿ ಅಂದಿರಲ್ಲ, ಅದಕ್ಕೆ ಹೇಳಿದೆ.

ಇದೊಂದೇ ಆಗಿದ್ದರೆ ಬಿಡಬಹುದಿತ್ತು. ಪಾರ್ಟಿಗಳಿಂದಲೇ ಹೆಸರಾಗಿದ್ದ ಲಂಡನ್ನಿನ ಟಾರಾ ಪಾಮರ್-ಟಾಮ್ಕಿನ್ಸನ್ 2017ರ ಫೆಬ್ರವರಿ 8ರಂದು ತನ್ನ ಫ್ಲಾಟಿನಲ್ಲಿ ಸತ್ತು ಬಿದ್ದಿದ್ದಳು. ವಯಸ್ಸು 45. ಹಿಂದೆ ಕೊಕೇನ್ ಚಟವಿತ್ತು, ಅದನ್ನು ಮುಚ್ಚಿಟ್ಟವಳೂ ಅಲ್ಲ. ಜನರಿಗೆ ಅಷ್ಟು ಸಾಕಾಯಿತು. ಹೊಟ್ಟೆಯ ಹುಣ್ಣು ತೂತಾಗಿ ಒಳಗೆಲ್ಲ ಸೋಂಕು ಹರಡಿತ್ತು ಎಂದು ಆಮೇಲೆ ಗೊತ್ತಾಯಿತು. ಯಾರಿಗೂ ಬರಬಹುದಾದ ಸಾವು.

ನಮ್ಮ ಕಸುಬಿನವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ. ತಲೆಬರಹಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಅಂಟಿಸಿದರೆ ಏನು ಬೇಕಾದರೂ ಬರೆಯಬಹುದು ಅಂದುಕೊಂಡಿದ್ದಾರೆ. ಗುಮಾನಿ ಮುಖಪುಟದಲ್ಲಿ, ವೈದ್ಯರ ವರದಿ ಒಳಪುಟದ ಮೂಲೆಯಲ್ಲಿ. ಅದೇ ತರಹ ಬದುಕಿದ ಗಂಡಸು ಸತ್ತರೆ ನೋಡಿ, ರಸಿಕ, ಮೋಜುಗಾರ, ಸ್ನೇಹಜೀವಿ! ಹೆಂಗಸಾದರೆ ಮಾತ್ರ ಲೆಕ್ಕ ಚುಕ್ತಾ ಮಾಡಲು ಎಲ್ಲರೂ ಸಾಲಾಗಿ ನಿಲ್ಲುತ್ತಾರೆ.

ನಿಮ್ಮ ಬರವಣಿಗೆ ಚೆನ್ನಾಗಿದೆ. ಇಷ್ಟು ಚುರುಕಾಗಿ ಬರೆಯಬಲ್ಲವರು ವರದಿ ಬರುವ ತನಕ ಕಾಯಲೂ ಬಲ್ಲರು ಅಂತ ನನ್ನ ನಂಬಿಕೆ. ಕೊನೆಗೆ ಚಂದಾ ನಿಲ್ಲಿಸುತ್ತೇನೆ ಅಂತ ಬೇರೆ ಬರೆದಿದ್ದೀರಿ. ಮುಂದಿನ ತಿಂಗಳು ಮಕ್ಕಳ ಡಯಾಬಿಟಿಸ್ ಬಗ್ಗೆ ವೈದ್ಯರೊಬ್ಬರ ಲೇಖನ ಬರುತ್ತಿದೆ. ಅದನ್ನು ಓದಿ ಆಮೇಲೆ ನಿಲ್ಲಿಸಿ.