ಬಸುರಿಗೆ ಎಣ್ಣೆ ತಿಕ್ಕುವ ಮುನ್ನ

ಪ್ರಶ್ನೆ: ನನಗೀಗ ಆರನೇ ತಿಂಗಳು. ಸಂಜೆಯಾದರೆ ಸೊಂಟ ಹಿಡಿದುಕೊಳ್ಳುತ್ತದೆ. ಅತ್ತೆ ಎಣ್ಣೆ ತಿಕ್ಕುತ್ತೇನೆ ಅನ್ನುತ್ತಾರೆ, ಅಮ್ಮ ಬೇಡವೇ ಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಈ ಸಲ ಅತ್ತೆಯ ಮಾತು ಕೇಳಿ. ಹೊಟ್ಟೆ ಮುಂದೆ ಬಂದಂತೆ ಸೊಂಟ ಒಳಬಾಗುತ್ತದೆ, ಬಸುರಿನ ಹಾರ್ಮೋನುಗಳಿಂದ ಕೀಲುಗಳ ಬಂಧವೂ ಸಡಿಲವಾಗುತ್ತದೆ. ಅಷ್ಟೂ ಭಾರ ಹೊರುವುದು ಬೆನ್ನಿನ ಸ್ನಾಯುಗಳು. ಹದವಾಗಿ ತಿಕ್ಕಿದರೆ ಆ ಬಿಗಿತ ಇಳಿಯುತ್ತದೆ, ರಾತ್ರಿ ನಿದ್ದೆ ಹತ್ತುತ್ತದೆ, ಮನಸ್ಸಿನ ಕಳವಳವೂ ಸ್ವಲ್ಪ ತಗ್ಗುತ್ತದೆ. ಲಾಭ ಅಷ್ಟೇ. ಹೆರಿಗೆ ಸಲೀಸಾಗುತ್ತದೆ, ಮಗು ಬೆಳ್ಳಗಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಬೋರಲು ಮಲಗುವುದಂತೂ ಆಗದ ಮಾತು. ಅಂಗಾತ ಮಲಗುವುದೂ 20 ವಾರದ ನಂತರ ಸರಿಯಲ್ಲ. ಗರ್ಭಕೋಶದ ಭಾರ ಬೆನ್ನುಮೂಳೆಯ ಮುಂದಿರುವ ದೊಡ್ಡ ಅಭಿಧಮನಿಯ ಮೇಲೆ ಬಿದ್ದು, ಹೃದಯಕ್ಕೆ ವಾಪಸಾಗುವ ರಕ್ತ ಕಡಿಮೆಯಾಗುತ್ತದೆ. ತಲೆ ಸುತ್ತಿ, ಬೆವರಿ, ವಾಕರಿಕೆ ಬರುತ್ತದೆ. ಎಡಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಿಸಿದ ಟವೆಲ್ ಇಟ್ಟುಕೊಳ್ಳಿ. ಮಲಗಲು ಆಗದಿದ್ದರೆ ಕುರ್ಚಿಯಲ್ಲಿ ಹಿಂದುಮುಂದಾಗಿ ಕೂತು, ಅದರ ಬೆನ್ನಿಗೆ ದಿಂಬು ಕೊಟ್ಟು ಒರಗಿಕೊಳ್ಳಿ.

ಎರಡು ಚಮಚ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆ ಸಾಕು, ಉಗುರುಬೆಚ್ಚಗಿರಲಿ. ತಿಕ್ಕುವವರು ಮೊದಲು ತಮ್ಮ ಮಣಿಕಟ್ಟಿನ ಒಳಭಾಗಕ್ಕೆ ಹಾಕಿ ಬಿಸಿ ನೋಡಿಕೊಳ್ಳಬೇಕು. ಬೆನ್ನುಮೂಳೆಯನ್ನು ಒತ್ತುವಂತಿಲ್ಲ, ಅದರ ಎರಡೂ ಬದಿ, ಎರಡು ಬೆರಳು ಅಂತರದಲ್ಲಿ, ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಉದ್ದಕ್ಕೆ ತಿಕ್ಕಬೇಕು. ಆಮೇಲೆ ಪೃಷ್ಠದ ಪಕ್ಕದ ಸ್ನಾಯುವನ್ನು ಅಂಗೈಯ ಬುಡದಿಂದ ನಿಧಾನಕ್ಕೆ ಸುತ್ತು ಹಾಕಿಸಿ. ಸೊಂಟನೋವೆಂದು ಬರುವ ಎಷ್ಟೋ ಜನರಿಗೆ ಬಿಗಿತ ಇರುವುದು ಇಲ್ಲೇ, ತಿಕ್ಕುವವರು ಮಾತ್ರ ಸೊಂಟ ಬಿಟ್ಟು ಕೆಳಗಿಳಿಯುವುದಿಲ್ಲ. ಇಪ್ಪತ್ತು ನಿಮಿಷ ಸಾಕು. ಮೊಣಕೈ ಹಾಕಿ ಒತ್ತುವುದು, ಬೆನ್ನ ಮೇಲೆ ಕಾಲಿಟ್ಟು ತುಳಿಯುವುದು, ಲಟಿಕೆ ಮುರಿಯುವುದು ಬೇಡ. ಮುಗಿದ ಮೇಲೆ ಪಾದದ ಎಣ್ಣೆಯನ್ನು ಒರೆಸಿಕೊಂಡೇ ಬಚ್ಚಲಿಗೆ ಹೋಗಿ. ಜಾರಿ ಬೀಳುವ ಅಪಾಯ ಮಸಾಜಿನ ಅಪಾಯಕ್ಕಿಂತ ದೊಡ್ಡದು!

ನೋವು ಅಲೆಅಲೆಯಾಗಿ ಬಂದು ಹೋಗುತ್ತಿದ್ದರೆ, ಜೊತೆಗೆ ಹೊಟ್ಟೆ ಗಟ್ಟಿಯಾಗುತ್ತಿದ್ದರೆ, ರಕ್ತ ಅಥವಾ ನೀರು ಹೋಗುತ್ತಿದ್ದರೆ ಎಣ್ಣೆ ಬಟ್ಟಲು ಬದಿಗಿಟ್ಟು ಆಸ್ಪತ್ರೆಗೆ ಹೊರಡಿ. ಅದು ಅವಧಿಗೆ ಮುಂಚಿನ ಹೆರಿಗೆನೋವಿರಬಹುದು.

ಪ್ರಶ್ನೆ: ಏಳು ತಿಂಗಳಾಗಿದೆ. ಎಡಗಾಲು ಮಾತ್ರ ಊದಿಕೊಂಡು ಮೀನಖಂಡ ನೋಯುತ್ತಿದೆ. ಯಜಮಾನರು ದಿನಾ ಒತ್ತಿಕೊಡುತ್ತಾರೆ. ಊತ ಇಳಿಯುತ್ತಿಲ್ಲ.

ಉತ್ತರ: ಇವತ್ತೇ ಒತ್ತುವುದು ನಿಲ್ಲಿಸಿ, ಇವತ್ತೇ ವೈದ್ಯರನ್ನು ಕಾಣಿ. ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಕಾಲಿನ ಆಳದ ಅಭಿಧಮನಿಯಲ್ಲಿ ಹೆಪ್ಪು ಕೂತರೆ ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತದೆ. ಬಸುರಿಯರಲ್ಲಿ ಹೆಚ್ಚಾಗಿ ಎಡಗಾಲೇ. ಒತ್ತಿದಾಗ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಸಂಚಕಾರ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ಪತ್ತೆಯಾಗುತ್ತದೆ, ಮಗುವಿಗೆ ಅದರಿಂದ ತೊಂದರೆಯಿಲ್ಲ. ಉಸಿರು ಕಟ್ಟಿದಂತಾದರೆ ಅಥವಾ ಎದೆ ನೋವು ಬಂದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಸಂಜೆ ಎರಡೂ ಪಾದ ಒಂದೇ ಸಮ ಊದಿ, ಬೆಳಗ್ಗೆ ಇಳಿಯುವುದು ಬೇರೆ ವಿಷಯ. ಅಂಥವರು ಪಾದದಿಂದ ಮೊಣಕಾಲಿನ ಕಡೆಗೆ ಹಗುರವಾಗಿ ಸವರಬಹುದು. ಮುಖ, ಕೈಬೆರಳು ಕೂಡ ಊದಿ, ತಲೆನೋವು ಬಂದು, ಕಣ್ಣು ಮಂಜಾದರೆ ಬಿ.ಪಿ. ನೋಡಿಸಿ. 140/90 ಅಥವಾ ಮೇಲಿದ್ದರೆ ಅದು ತಿಕ್ಕಿ ಇಳಿಸುವ ಊತವಲ್ಲ.

ಪ್ರಶ್ನೆ: ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ಹಚ್ಚಬಹುದೇ? ನೋವಿನ ಜೆಲ್?

ಉತ್ತರ: ಎರಡೂ ಬೇಡ. ಕರ್ಪೂರ ಚರ್ಮದ ಮೂಲಕ ರಕ್ತಕ್ಕಿಳಿದು, ಮಾಸನ್ನು (ಪ್ಲಸೆಂಟಾ) ದಾಟಿ ಮಗುವನ್ನು ತಲುಪುತ್ತದೆ. ಅನೇಕ ನೋವಿನ ಜೆಲ್‌ಗಳಲ್ಲಿರುವ ಡೈಕ್ಲೋಫೆನಾಕ್ ಗುಂಪಿನ ಔಷಧಗಳನ್ನು 20 ವಾರದ ನಂತರ ತಪ್ಪಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿದೆ: ಮಗುವಿನ ಮೂತ್ರಪಿಂಡಕ್ಕೆ ಪೆಟ್ಟಾಗಿ ಗರ್ಭದ ನೀರು ಕಡಿಮೆಯಾಗಬಹುದು. ಜೆಲ್‌ನಿಂದ ರಕ್ತಕ್ಕೆ ಸೇರುವುದು ಸ್ವಲ್ಪವೇ, ಆದರೂ ವೈದ್ಯರು ಬರೆದುಕೊಡದೆ ಹಚ್ಚಬೇಡಿ.

ಪ್ರಶ್ನೆ: ಎರಡನೇ ತಿಂಗಳಲ್ಲಿ ಮಸಾಜ್ ಮಾಡಿಸಿಕೊಂಡರೆ ಗರ್ಭ ಇಳಿಯುತ್ತದೆಯೇ?

ಉತ್ತರ: ಹಗುರವಾದ ಮಸಾಜಿನಿಂದ ಗರ್ಭಪಾತವಾಗುತ್ತದೆ ಎನ್ನಲು ಪುರಾವೆಯಿಲ್ಲ. ಈ ಹಂತದ ಗರ್ಭಪಾತಗಳಲ್ಲಿ ಬಹುಪಾಲಿಗೆ ವರ್ಣತಂತುಗಳ ದೋಷವೇ ಕಾರಣ. ಎಚ್ಚರವಿರಬೇಕಾದದ್ದು ಮಸಾಜಿನ ನಂತರದ ಹಬೆಪೆಟ್ಟಿಗೆ ಮತ್ತು ಸುಡುನೀರಿನ ಸ್ನಾನದ ಬಗ್ಗೆ. ಮೈಯ ತಾಪ 39 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆಗತಾನೇ ರೂಪುಗೊಳ್ಳುತ್ತಿರುವ ಮೆದುಳು, ಬೆನ್ನುಹುರಿಗೆ ಹಾನಿಯಾಗಬಹುದು.

ಪ್ರಶ್ನೆ: 32 ವಾರ. ಸ್ಕ್ಯಾನಿನಲ್ಲಿ ಮಗುವಿನ ತಲೆ ಮೇಲಿದೆ. ಊರಿನ ಅಜ್ಜಿಯೊಬ್ಬರು ಹೊಟ್ಟೆ ತಿಕ್ಕಿ ತಿರುಗಿಸುತ್ತಾರಂತೆ.

ಉತ್ತರ: ಹೊಟ್ಟೆಗೆ ಎಣ್ಣೆ ಸವರಬಹುದು, ಒತ್ತಡ ಹಾಕುವಂತಿಲ್ಲ. ಒತ್ತಿ ತಿರುಗಿಸಲು ಹೋದಾಗ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಂಡರೆ ಒಳಗೇ ರಕ್ತಸ್ರಾವವಾಗಿ ಮಗುವಿನ ಉಸಿರು ಕಟ್ಟುತ್ತದೆ. ಈಗ ಅವಸರವೂ ಇಲ್ಲ. ಎಷ್ಟೋ ಮಕ್ಕಳು 36 ವಾರದೊಳಗೆ ತಾವೇ ತಲೆಕೆಳಗಾಗುತ್ತವೆ. ಆಗದಿದ್ದರೆ 36-37 ವಾರಕ್ಕೆ ವೈದ್ಯರೇ ಹೊರಗಿನಿಂದ ತಿರುಗಿಸಲು ನೋಡುತ್ತಾರೆ: ಸ್ಕ್ಯಾನ್ ನೋಡುತ್ತ, ಮಗುವಿನ ಎದೆಬಡಿತ ಕೇಳುತ್ತ, ತುರ್ತು ಸಿಸೇರಿಯನ್‌ಗೆ ಸಿದ್ಧರಾಗಿ. ಸುಮಾರು ಅರ್ಧದಷ್ಟು ಸಲ ಅದು ಫಲಿಸುತ್ತದೆ. ನಿಮ್ಮದು ನೆಗೆಟಿವ್ ರಕ್ತದ ಗುಂಪಾದರೆ ಆಮೇಲೆ, ಮಗುವಿನ ರಕ್ತದ ವಿರುದ್ಧ ನಿಮ್ಮ ಮೈ ತಿರುಗಿಬೀಳದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು ಕೇಳಿ ಪಡೆಯಿರಿ.

ಪ್ರಶ್ನೆ: ಚೊಚ್ಚಲ ಹೆರಿಗೆ. ಕೆಳಗೆ ಹೊಲಿಗೆ ಬೀಳದಂತೆ ಮಸಾಜ್ ಮಾಡಿಕೊಳ್ಳಬಹುದಂತೆ, ನಿಜವೇ?

ಉತ್ತರ: ನಿಜ. ಕೇಳಲು ನಾಚಿಕೆಪಡುವ ಈ ಮಸಾಜಿಗೇ ಪುರಾವೆ ಗಟ್ಟಿಯಾಗಿದೆ, ಅದರಲ್ಲೂ ಚೊಚ್ಚಲಿನವರಲ್ಲಿ. 34-35 ವಾರದಿಂದ, ವಾರಕ್ಕೆ ಒಂದೆರಡು ಸಲ, ಐದು ನಿಮಿಷ. ಉಗುರು ಕತ್ತರಿಸಿ ಕೈ ತೊಳೆದು, ಒರಗಿ ಕೂತು, ಶುದ್ಧ ಕೊಬ್ಬರಿ ಎಣ್ಣೆ ಹಚ್ಚಿದ ಹೆಬ್ಬೆರಳನ್ನು ಯೋನಿಯೊಳಗೆ 3-4 ಸೆಂ.ಮೀ. ಇಟ್ಟು ಗುದದ್ವಾರದ ದಿಕ್ಕಿಗೆ ಒತ್ತಿ. ಸಣ್ಣ ಉರಿ, ಎಳೆತ ಅನ್ನಿಸಿದಲ್ಲಿ ಒಂದು ನಿಮಿಷ ನಿಂತು, ಆಮೇಲೆ ಎರಡೂ ಪಕ್ಕಕ್ಕೆ ಅರ್ಧಚಂದ್ರದಂತೆ ಸರಿಸಿ. ಮೂತ್ರದ್ವಾರದ ಕಡೆ ಬೇಡ. ದಿನಾ ಮಾಡಿದರೆ ಹೆಚ್ಚು ಲಾಭವೇನಿಲ್ಲ. ಸೋಂಕು, ಗರ್ಭಕೋಶದ ಬಾಯಿಯ ಬಳಿ ಕೆಳಗೆ ಕೂತ ಮಾಸು, ರಕ್ತಸ್ರಾವ, ಒಡೆದ ನೀರು, ಇದರಲ್ಲಿ ಯಾವುದಿದ್ದರೂ ಮಾಡುವಂತಿಲ್ಲ.